ನೆಟ್ಟಗೆ ನಿಂತ ಮಾನಿಟರು

ಲೋಕದಲ್ಲಿ ಎಲ್ಲರ ಮನೆಯ ಮಾನಿಟರುಗಳೂ ಅಡ್ಡ ಮಲಗಿರುತ್ತವೆ. ನಮ್ಮ ಮನೆಯದು ಮಾತ್ರ ನೆಟ್ಟಗೆ ನಿಂತಿದೆ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ನಮ್ಮ ಫ್ಲ್ಯಾಟಿಗೆ ಮೊದಲ ಸಲ ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೊಡನೆ ಹಾಲಿನ ಮೂಲೆಯಲ್ಲಿ ನಿಂತ ಅದನ್ನು ನೋಡುತ್ತಾರೆ. ಬ್ಯಾಂಕಿನ ತೆಲುಗು ಸಹೋದ್ಯೋಗಿಗಳು ಮರ್ಯಾದೆಯವರು. "ಇದಿ ಇಲಾಗೇ ಉಂಟುಂದಾಂಡಿ?" ಎಂದು, ಇದು ಹೀಗೇ ಇರುತ್ತದೆಯೇ ಅಂತ ಕೇಳಿ, ನಾನು "ಅವುನಂಡಿ" ಎಂದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ನೌಕಾಪಡೆಯಲ್ಲೋ ಬೇರೆ ಬ್ಯಾಂಕಿನಲ್ಲೋ ಇರುವ ನಮ್ಮ ಕನ್ನಡದವರು ಬಂದರೆ ಹಾಗೆ ಬಿಡುವುದಿಲ್ಲ. ಕತ್ತು ಹೊರಳಿಸಿ ನೋಡಿ, ಹಿಂದೆ ಹೋಗಿ ವೈರು ಮುಟ್ಟಿ, "ಯಾಕ್ರೀ ಹಿಂಗ ಇಟ್ಟೀರಿ?" ಎಂದು ಕೂತೇಬಿಡುತ್ತಾರೆ. ಆಗ ನನಗೆ ಒಳಗೊಳಗೇ ಹಿಗ್ಗು. ನಾನು ಕುರ್ಚಿ ಹತ್ತಿರ ಎಳೆದುಕೊಳ್ಳುವುದನ್ನು ಕಂಡಕೂಡಲೇ ನನ್ನ ಹೆಂಡತಿ ನಿರ್ಮಲಾ, "ಇನ್ನ ಚಾ ಎರಡ ಸಲ ಮಾಡಬೇಕು" ಎಂದು ಅಡುಗೆಮನೆ ಸೇರುತ್ತಾಳೆ. ನೀವೂ ಕೂತಿದ್ದೀರಿ. ಚಹಾ ಮಾತ್ರ ನೀವೇ ಮಾಡಿಕೊಳ್ಳಬೇಕು.

ಈ ಮಾನಿಟರಿನ ಕಥೆಯನ್ನು ಗದಗಿನ ಒಂದು ಟೀವಿಯಿಂದ ಶುರುಮಾಡದೆ ನನಗೆ ಗತಿಯಿಲ್ಲ. ನಾನು ಸಣ್ಣವನಿದ್ದಾಗ ನಮ್ಮ ಓಣಿಗೆಲ್ಲ ಅದೊಂದೇ ಟೀವಿ, ಗುರಪ್ಪ ಮಾಸ್ತರರ ಪಡಸಾಲೆಯಲ್ಲಿತ್ತು. ಕಪ್ಪು ಬಿಳುಪಿನದು. ಅದಕ್ಕೊಂದು ರೋಗ. ಚಿತ್ರ ನಿಂತಲ್ಲಿ ನಿಲ್ಲದೆ ಮೇಲಕ್ಕೆ ಉರುಳುತ್ತಿತ್ತು. ನಾಯಕನ ಕಾಲು ಮೇಲೆ, ತಲೆ ಕೆಳಗೆ, ನಡುವೆ ಒಂದು ಕರಿ ಪಟ್ಟಿ. ಹಿಂಬದಿಯಲ್ಲಿದ್ದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಹಾಗೇ ಹಿಡಿದುಕೊಂಡಿದ್ದರೆ ಚಿತ್ರ ಸುಮ್ಮನೆ ನಿಲ್ಲುತ್ತಿತ್ತು. ಕೈಬಿಟ್ಟರೆ ಮತ್ತೆ ಉರುಳು. ಗೋಡೆಗೂ ಟೀವಿಗೂ ನಡುವಿನ ಸಂದಿಯಲ್ಲಿ ತೂರುವಷ್ಟು ಬಡಕಲಾಗಿದ್ದವನು ನಾನೊಬ್ಬನೇ. ಹೀಗಾಗಿ ರವಿವಾರದ ಸಿನಿಮಾ ಮುಗಿಯುವವರೆಗೆ ತಿರುಪು ಹಿಡಿಯುವ ಉದ್ಯೋಗ ನನ್ನ ಪಾಲಿಗೆ ಬಂತು. ಬಾಲ್ಯದ ಸಿನಿಮಾಗಳನ್ನೆಲ್ಲ ನಾನು ನೋಡಿದ್ದು ಹಿಂದಿನಿಂದ.

ನೋಡಿದ್ದು ಎಂದರೆ, ನೋಡುವವರ ಮುಖಗಳನ್ನು ನೋಡಿದ್ದು. ನಾಯಕಿ ಸತ್ತಳೆಂದು ನನಗೆ ತಿಳಿಯುತ್ತಿದ್ದುದು ಮಾಸ್ತರರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಾಗ. ಚಿತ್ರ ಸರಿಯಾಗಿ ನಿಂತಿದೆಯೇ ಎಂದು ನಾನು ಯಾರನ್ನೂ ಕೇಳುತ್ತಿರಲಿಲ್ಲ. ನಮ್ಮವ್ವನ ಹುಬ್ಬು ನೋಡಿದರೆ ಸಾಕಿತ್ತು. ಹುಬ್ಬು ಗಂಟಿಕ್ಕಿದರೆ ತಿರುಪನ್ನು ಎಡಕ್ಕೆ ತುಸು ಸರಿಸುವುದು, ಸಡಿಲಾದರೆ ಅಷ್ಟಕ್ಕೇ ನಿಲ್ಲಿಸುವುದು. ಯಂತ್ರಗಳ ವಿಷಯದಲ್ಲಿ ನಾನು ಪಡೆದ ಮೊದಲ ಶಿಕ್ಷಣ ಇದು. ಇದನ್ನು ಮರೆತದ್ದೇ ಮುಂದಿನ ಫಜೀತಿಗೆಲ್ಲ ಕಾರಣವಾಯಿತು.

ಅವ್ವನ ಹುಬ್ಬಿನ ಮಾತು ಬಂತಲ್ಲ, ಅವಳ ಪೇಪರಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅವ್ವ ಕಲಿತದ್ದು ಏಳನೆಯ ಇಯತ್ತೆಯವರೆಗೆ. ಆದರೆ ಬೆಳಿಗ್ಗೆ ಪೇಪರು ಬಂತೆಂದರೆ ಅದು ಮೊದಲು ಅವಳ ಕೈಗೇ ಹೋಗಬೇಕು. ಅಪ್ಪನಿಗೂ ಅದರ ಮೇಲೆ ಎರಡನೆಯ ಹಕ್ಕು. ನೆಲದ ಮೇಲೆ ಪುಟ ಹಾಸಿ, ಒಂದು ಮೊಳಕಾಲು ಮಡಚಿ ಕೂತು, ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯವರೆಗೆ ಓದುತ್ತಿದ್ದಳು. ಆಗ ಅವಳನ್ನು ಯಾರೂ ಮಾತಾಡಿಸುವಂತಿಲ್ಲ. ನಾನೋ ತಮ್ಮ ಶಿವಾನಂದನೋ ಹತ್ತಿರ ಹೋಗಿ "ಅವ್ವಾ" ಎಂದರೆ ಕಣ್ಣೆತ್ತದೆ ಎಡಗೈಯನ್ನು ಮಾತ್ರ ಮೇಲೆತ್ತುತ್ತಿದ್ದಳು. ಅಂಗೈ ನಮ್ಮ ಕಡೆ, ಬೆರಳು ಮೇಲೆ. ಅಷ್ಟೇ. ಆ ಕೈ ಇಳಿಯುವವರೆಗೆ ನಮಗೆ ಹಸಿವಿಲ್ಲ, ನೀರಡಿಕೆಯಿಲ್ಲ, ಬಿದ್ದು ಮೊಳಕಾಲು ಕೆತ್ತಿದ್ದರೂ ರಕ್ತವಿಲ್ಲ. ಓದು ಮುಗಿದ ಮೇಲೆ ಮನೆಯ ಮುಂದಿನ ಕಟ್ಟೆಗೆ ಬಂದು ಕೂರುತ್ತಿದ್ದಳು. ಓಣಿಯ ಹೆಂಗಸರು ಮೆಂತ್ಯೆ ಸೋಸುತ್ತ ಸುತ್ತ ಸೇರುತ್ತಿದ್ದರು. ಆಗ ಸುರುವಾಗುತ್ತಿತ್ತು ಮಾತು. ಪ್ರಪಂಚವೆಲ್ಲ ನಮ್ಮ ಕಟ್ಟೆಗೆ ಬಂದು ಮೆಂತ್ಯೆಯ ಕಡ್ಡಿಯ ಜೊತೆ ಕೆಳಗೆ ಬೀಳುತ್ತಿತ್ತು.

ನಾನು ಬ್ಯಾಂಕಿನ ನೌಕರಿ ಹಿಡಿದು ಮನೆ ಬಿಟ್ಟವನು ಮತ್ತೆ ಅವ್ವನ ಜೊತೆ ಒಂದು ಸೂರಿನಡಿ ಹಬ್ಬ ಹುಣ್ಣಿಮೆಗಷ್ಟೇ ಇದ್ದದ್ದು. ವರ್ಗಾವಣೆಯ ಅನ್ನ ಉಣ್ಣುವವರ ಹಣೆಬರಹ ಅದು. ಆಂಧ್ರಕ್ಕೆ ಬಂದು ವಿಶಾಖಪಟ್ಟಣದಲ್ಲಿ ಬೇರುಬಿಟ್ಟೆವು. ಮಗಳು ಸಿಂಧು ಇಲ್ಲೇ ಹುಟ್ಟಿ, ಇಲ್ಲೇ ಓದಿ, ಈಗ ಕನಸನ್ನೂ ತೆಲುಗಿನಲ್ಲೇ ಕಾಣುತ್ತಾಳೆ. ನಡುವೆ ಬ್ಯಾಂಕು ನನ್ನೊಬ್ಬನನ್ನು ಎತ್ತಿ ವಿಜಯವಾಡಕ್ಕೆ ಹಾಕಿತು. ಒನ್ ಟೌನ್ ಎಂಬ ಹಳೆ ಪೇಟೆಯ ಸಗಟು ಅಂಗಡಿಗಳ ಸಾಲಿನಲ್ಲಿ, ಒಣಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮಾಳಿಗೆಯ ಮೇಲೆ ಒಂದು ಖೋಲಿ. ಕೆಳಗಿನಿಂದ ಘಾಟು, ಮೇಲಿನಿಂದ ಬಿಸಿಲು. ಸಂಜೆ ಮಾಡಲು ಕೆಲಸವಿಲ್ಲದೆ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಂಡು ಕಲಿತೆ. ಆ ವಯಸ್ಸಿನಲ್ಲಿ ಗಂಡಸರಿಗೆ ಏನಾದರೊಂದು ಹುಚ್ಚು ಹಿಡಿಯುತ್ತದಂತೆ. ಇದು ಕಡಿಮೆ ಅಪಾಯದ್ದು ಎಂದು ನಿರ್ಮಲಾ ಫೋನಿನಲ್ಲೇ ಮಂಜೂರಾತಿ ಕೊಟ್ಟಳು.

ಮಾನಿಟರು ಸಿಕ್ಕಿದ್ದೂ ಅದೇ ಬೀದಿಯಲ್ಲಿ. ಮುಚ್ಚಿಹೋದ ಯಾವುದೋ ಮುದ್ರಣಾಲಯದ ಸಾಮಾನುಗಳನ್ನು ಹಳೆ ಸಾಮಾನಿನ ಸುಬ್ಬಾರಾವುಗಾರು ಅಂಗಡಿಯ ಮುಂದೆ ಹರವಿದ್ದರು. ಅದರಲ್ಲಿ ಇದೂ ಇತ್ತು. ಭಾರವಾದ ಪಾದ, ದೊಡ್ಡ ಚಪ್ಪಟೆ ಪರದೆ, ಮತ್ತು ಕತ್ತು ತಿರುಗಿಸಿ ಉದ್ದಕ್ಕೆ ನಿಲ್ಲಿಸುವ ಸೌಕರ್ಯ. "ಬೊಮ್ಮ ಅದಿರಿಪೋತುಂದಿ ಸಾರ್" ಎಂದರು, ಚಿತ್ರ ಬಲು ಚಂದ ಬರುತ್ತದೆ ಅಂತ. ಹಳೆಯ ಚಾದರದಲ್ಲಿ ಗಂಟು ಕಟ್ಟಿ ಕೊಟ್ಟರು. ಮುಂದಿನ ರಜೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ವಿಶಾಖಪಟ್ಟಣಕ್ಕೆ ತಂದೆ. ಎದುರಿಗಿದ್ದ ಅಜ್ಜಿಯೊಬ್ಬರು ರಾಜಮಂಡ್ರಿಯವರೆಗೆ ತಡೆದುಕೊಂಡು ಕೊನೆಗೆ, "ಏಂಟಿ ಬಾಬೂ ಅದಿ, ದೇವುಡಿ ಪಟಮಾ?" ಎಂದು ಕೇಳಿದರು. ದೇವರ ಪಟ ಅಲ್ಲ ಎಂದು ಹೇಳಲು ಮನಸ್ಸಾಗದೆ ನಕ್ಕೆ. ಅವರು ಗಂಟಿನ ಕಡೆ ಕೈಮುಗಿದರು. ಆ ಮೇಲೆ ನನಗೆ ವಾಪಸು ವಿಶಾಖಪಟ್ಟಣಕ್ಕೇ ವರ್ಗವಾದರೂ ಅದು ನಮ್ಮ ಮಂಚದ ಕೆಳಗೆ ಬಹಳ ದಿನ ಯೋಗನಿದ್ರೆಯಲ್ಲಿತ್ತು. ನಿರ್ಮಲಾ ಕಸ ಹೊಡೆಯುವಾಗಲೆಲ್ಲ "ನಿಮ್ಮ ದೇವರು ಕಾಲಿಗೆ ತಾಕ್ತಾನ್ರೀ" ಎನ್ನುತ್ತಿದ್ದಳು.

ಹೋದ ವರ್ಷ ಅವ್ವ ಬಂದಳು. ಹುಬ್ಬಳ್ಳಿಯಲ್ಲಿ ಶಿವಾನಂದನ ಮನೆಯಲ್ಲಿದ್ದವಳನ್ನು, ಮೊಳಕಾಲಿನ ಆಪರೇಶನ್ ಆದ ಮೇಲೆ, ಲಿಫ್ಟ್ ಇರುವ ಮನೆ ಎಂಬ ಆಸೆ ತೋರಿಸಿ ಕರೆದುಕೊಂಡು ಬಂದೆ. ನನಗೆ ಅವಳು ಇಲ್ಲೇ ಇರಬೇಕಿತ್ತು. ಸುಮ್ಮನೆ ಕಾಲಿಗೆ ಅನುಕೂಲ ಅಂತಲ್ಲ. ಇಪ್ಪತ್ತೆರಡಕ್ಕೆ ಮನೆ ಬಿಟ್ಟ ಮಗನಿಗೆ ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಅವ್ವ ಇದ್ದಾಳೆ ಎನ್ನುವ ಸುಖ ಬೇಕಿತ್ತು. ಅವಳಿಗೆ ನಮ್ಮ ಫ್ಲ್ಯಾಟು ಸೇರಿತು, ಸೊಸೆಯ ಕೈಯಡುಗೆ ಸೇರಿತು, "ಅಜ್ಜಿ, ಊಟಕ್ಕ ಬರ್ರಂಡಿ" ಎನ್ನುವ ಮೊಮ್ಮಗಳಂತೂ ಬಹಳ ಸೇರಿದಳು. ಸೇರದಿದ್ದುದು ಒಂದೇ. ಇಲ್ಲಿ ಕನ್ನಡದ ಪೇಪರು ಬರುವುದಿಲ್ಲ. ಋಷಿಕೊಂಡದ ದಂಡೆಗೆ ಕರೆದುಕೊಂಡು ಹೋಗಿ ಸಮುದ್ರ ತೋರಿಸಿದೆ. ಬಹಳ ಹೊತ್ತು ನೋಡಿ, "ನೀರು ರಗಡ ಐತಿ. ಆದ್ರ ಓದಾಕ ಏನೂ ಇಲ್ಲ" ಅಂದಳು. ಮನೆಗೆ ಬಂದ ಮೇಲೆ ಇನ್ನೊಂದು ಮಾತು ಹೇಳಿದಳು. "ಪೇಪರ್ ಇಲ್ಲದ ಮನಿ ಅಂದ್ರ ಕಿಟಕಿ ಇಲ್ಲದ ಮನಿ ಇದ್ದಂಗ. ದೀಪಾವಳಿಗೆ ನಾ ಹುಬ್ಬಳ್ಳಿಗೆ ಹೋಗ್ತೇನಿ."

ಫೋನಿನಲ್ಲಿ ಪೇಪರು ತೋರಿಸಿದೆ. ಕಣ್ಣಿನ ಪೊರೆ ತೆಗೆಸಿದವಳು, ಭೂತಗನ್ನಡಿ ಹಿಡಿದು ಓದುವವಳು. ಬೆರಳಿನಿಂದ ಹಿಗ್ಗಿಸಿದರೆ ನಾಲ್ಕು ಅಕ್ಷರ, ಕುಗ್ಗಿಸಿದರೆ ಇರುವೆ ಸಾಲು. "ಇದೇನು, ಆನಿ ಬಾಲ ತೋರಿಸಿ ಆನಿ ನೋಡು ಅಂದಂಗ ಆತು. ಪೇಪರ್ ಅಂದ್ರ ಪುಟ ಇರಬೇಕೋ" ಎಂದು ಫೋನು ವಾಪಸು ಕೊಟ್ಟಳು. ಆಗ ನನಗೆ ಮಂಚದ ಕೆಳಗಿನ ದೇವರು ನೆನಪಾದ.

ಹೊರತೆಗೆದು, ಉದ್ದಕ್ಕೆ ನಿಲ್ಲಿಸಿ, ಹಳೆಯ ಕಂಪ್ಯೂಟರಿಗೆ ಜೋಡಿಸಿದೆ. ಇಲ್ಲಿ ಒಂದು ಸಣ್ಣ ಪಾಠ ಹೇಳಬೇಕು, ಬೇಸರಪಡಬೇಡಿ. ಮಾನಿಟರೂ ಕಂಪ್ಯೂಟರೂ ಮೊದಲ ಸಲ ಭೇಟಿಯಾದಾಗ ಪರಸ್ಪರ ಪರಿಚಯ ಮಾಡಿಕೊಳ್ಳುತ್ತವೆ. ನನ್ನ ಅಗಲ ಇಷ್ಟು, ಎತ್ತರ ಇಷ್ಟು, ಸೆಕೆಂಡಿಗೆ ಇಷ್ಟು ಚಿತ್ರ ತಾಳಬಲ್ಲೆ ಎಂದು ಮಾನಿಟರು ತಾನಾಗಿ ಹೇಳಬೇಕು. ನಮ್ಮದರೊಳಗೆ ಹಾಗೆ ಹೇಳುವ ಚಿಪ್ ಸತ್ತುಹೋಗಿತ್ತು. ಹೆಸರು ಕೇಳಿದರೆ ಮುಖ ನೋಡುವ ಮೂಕ. ಕಂಪ್ಯೂಟರು ಏನು ಮಾಡಬೇಕು? ಯಾರಿಗೂ ತೊಂದರೆಯಾಗದ ಒಂದು ಸಣ್ಣ ಅಳತೆಯ ಚಿತ್ರ ಕಳಿಸಿತು. ನಾನು ತಯಾರಿದ್ದ ಅಳತೆಗಳಲ್ಲೇ ಸ್ವಲ್ಪ ದೊಡ್ಡದನ್ನು ಆರಿಸಿ, ಚಿತ್ರವನ್ನು ಉದ್ದಕ್ಕೆ ತಿರುಗಿಸುವ ಆದೇಶ ಕೊಟ್ಟೆ. ಪರದೆ ತುಂಬ ಪೇಪರಿನ ಪುಟ ಎದ್ದು ನಿಂತಿತು. ಅಕ್ಷರಗಳು ನೆನೆದ ಅವಲಕ್ಕಿಯ ಹಾಗೆ ಸ್ವಲ್ಪ ಉಬ್ಬಿದ್ದವು, ನಿಜ. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ನನಗೆ ಚೆನ್ನಾಗಿಯೇ ಕಂಡಿತು.

"ಹೆಂಗ ಐತಿ ಅವ್ವಾ?" ಎಂದೆ.

ಅವಳು ಕನ್ನಡಕ ಸರಿಮಾಡಿಕೊಂಡು ಮೇಲಿನಿಂದ ಕೆಳಗೆ ನೋಡಿದಳು. "ಚಲೋ ಕಾಣ್ತೈತಿ" ಅಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಬೆಳಗಾಯಿತೆಂದರೆ ಗದಗಿನ ಬೆಳಗು. ನಾನು ಪೇಪರಿನ ಜಾಲತಾಣ ತೆರೆದು ಮೊದಲ ಪುಟ ನಿಲ್ಲಿಸಿ ಗಡ್ಡ ಹೆರೆಯಲು ಹೋಗುತ್ತೇನೆ. ಅವ್ವ ಹಾಲಿನ ಹೊತ್ತಿಗೆ ಬಾಗಿಲಾಚೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಎದುರುಮನೆಯ ವರಲಕ್ಷ್ಮಮ್ಮನವರ ಜೊತೆ ನಾಲ್ಕು ಮಾತಾಡಿ ಬಂದು ಮಾನಿಟರಿನ ಮುಂದೆ ಕೂರುತ್ತಾಳೆ. ಕೂತು ನಮಗೆಲ್ಲ ಕೇಳುವಂತೆ ಓದುತ್ತಾಳೆ. "ಉಳ್ಳಾಗಡ್ಡಿ ರೇಟು ಏರೈತಂತ. ಋಷಿಕೊಂಡದ ಕಡೆ ರಸ್ತೆ ಅಗಲ ಮಾಡ್ತಾರಂತ. ಯಾವನೋ ಒಬ್ಬ ಬಸ್‌ಸ್ಟ್ಯಾಂಡಿನಾಗ ಸಿಕ್ಕ ಬಂಗಾರದ ಸರ ವಾಪಸ್ ಕೊಟ್ಟನಂತ, ಒಳ್ಳೇ ತಾಯಿ ಮಗ." ನಡುವೆ ನಿರ್ಮಲಾ ಏನಾದರೂ ಕೇಳಿದರೆ ತಿರುಗಿ ಉತ್ತರ ಕೊಡುತ್ತಾಳೆ. ಸಿಂಧು ಟಾ ಟಾ ಹೇಳಿದರೆ ಕೈಬೀಸುತ್ತಾಳೆ. ಹುಬ್ಬಳ್ಳಿಯ ಪೇಪರು ಋಷಿಕೊಂಡದ ರಸ್ತೆಯ ಸುದ್ದಿ ಯಾಕೆ ಹಾಕಬೇಕು ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ. ನಮ್ಮವರು ಹೊರನಾಡಿನವರ ಬಗ್ಗೆ ಇಷ್ಟು ಕಾಳಜಿ ಮಾಡುತ್ತಾರಲ್ಲ ಎಂದು ಬೀಗುತ್ತಿದ್ದೆ. ಇಷ್ಟಾಗಿಯೂ ಅವ್ವ ಫೋನಿನಲ್ಲಿ ಶಿವಾನಂದನಿಗೆ, "ದೀಪಾವಳಿ ಟಿಕೀಟು ತಗದಿಡು" ಎಂದದ್ದು ಕಿವಿಗೆ ಬಿದ್ದು ಬೇಜಾರಾಯಿತು. ಪೇಪರು ಬೇಕೆಂದಳು, ಪೇಪರು ಬಂತು. ಇನ್ನೇನು ಬೇಕು ಇವಳಿಗೆ?

ದಸರೆಯ ಒಂದು ಬೆಳಿಗ್ಗೆ ಗುಟ್ಟು ಬಯಲಾಯಿತು. ಅಂದು ನನಗೆ ವಿಜಯವಾಡದಲ್ಲಿ ಮೀಟಿಂಗು, ರೈಲಿನ ಗಡಿಬಿಡಿ. ಅವ್ವ ಓದುತ್ತಿದ್ದಳು. "ವಿಜಯವಾಡದಾಗ ಕೃಷ್ಣಾ ನದಿಗೆ ಭಾಳ ನೀರು ಬಂದಾವಂತ. ಬ್ಯಾರೇಜಿನ ಗೇಟು ಎತ್ಯಾರಂತ. ಫೋಟೋನೂ ಹಾಕ್ಯಾರ ನೋಡು, ಎಷ್ಟು ನೀರು! ಹುಷಾರಾಗಿ ಹೋಗೋ." ಫೋಟೋ ನೋಡೋಣವೆಂದು ಟವೆಲು ಹೆಗಲಿಗೆ ಹಾಕಿಕೊಂಡು ಬಂದು ನೋಡಿದೆ. ಪರದೆಯ ಮೇಲಿದ್ದುದು ಸುದ್ದಿಯ ಪುಟವೇ ಅಲ್ಲ. ಹಬ್ಬದ ಪೇಪರಲ್ಲವೇ, ಮುಖಪುಟಕ್ಕೆ ಮುಖಪುಟವೇ ಜಾಹೀರಾತು. ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನದು. ನಡುವೆ ದೊಡ್ಡದಾಗಿ ನೀಲಿ ಈಜುಕೊಳ.

ಅವ್ವ ಈಜುಕೊಳವನ್ನು ನೋಡುತ್ತ ಕೃಷ್ಣಾ ನದಿಯನ್ನು ಓದುತ್ತಿದ್ದಳು.

ನಾನು ರೈಲು ಹಿಡಿದೆ. ದಾರಿಯುದ್ದಕ್ಕೂ ಅದೇ ಯೋಚನೆ. ಸಂಜೆ ವಿಜಯವಾಡದಲ್ಲಿ ಬ್ಯಾರೇಜಿನ ಮೇಲೆ ಹೋಗಿ ನೋಡಿದರೆ ಗೇಟುಗಳನ್ನು ನಿಜವಾಗಿಯೂ ಎತ್ತಿದ್ದರು, ಕೆಂಪು ನೀರು ಮೊರೆಯುತ್ತಿತ್ತು. ಸುದ್ದಿ ಸುಳ್ಳಲ್ಲ. ಹಾಗಾದರೆ ಬಂದದ್ದು ಎಲ್ಲಿಂದ? ಬಾಗಿಲಾಚೆಯ ಸ್ಟೂಲಿನಿಂದ. ವರಲಕ್ಷ್ಮಮ್ಮನವರು ದಿನಾ ತಮ್ಮ ತೆಲುಗು ಪೇಪರು ಹಿಡಿದು ಬಾಗಿಲಲ್ಲಿ ಕೂತು ಓದಿ ಹೇಳುತ್ತಾರೆ. ಅವ್ವ ಅರ್ಧ ತಿಳಿದು, ಉಳಿದರ್ಧ ಊಹಿಸಿ, ಒಳಗೆ ಬಂದು ಮಾನಿಟರಿನ ಮುಂದೆ ಕೂತು ಅದನ್ನೇ ಕನ್ನಡದಲ್ಲಿ "ಓದು"ತ್ತಾಳೆ. ಗದಗಿನಲ್ಲಿ ಓದುವಾಗ ಉಸಿರೆತ್ತಲು ಬಿಡದವಳು ಇಲ್ಲಿ ಓದುತ್ತ ಓದುತ್ತ ಸೊಸೆಗೆ ಉತ್ತರ ಕೊಡುತ್ತಿದ್ದಳಲ್ಲ! ನಾನು ಟೀವಿಯ ಹಿಂದೆ ನಿಂತು ಬೆಳೆದವನು, ಈ ಸಲ ಎಲ್ಲರ ಹಾಗೆ ಪರದೆಯನ್ನೇ ನೋಡಿ ತೃಪ್ತನಾಗಿದ್ದೆ. ಅವ್ವನ ಹುಬ್ಬು ನೋಡಿರಲಿಲ್ಲ.

ವಾಪಸು ಬಂದ ಮೇಲೆ ಹತ್ತಿರ ಕೂತು ಕೇಳಿದೆ. "ಅವ್ವಾ, ಖರೇ ಹೇಳು. ಅಕ್ಷರ ಕಾಣ್ತಾವೇನು?"

ಅವಳು ಸೆರಗಿನ ಅಂಚು ಸವರಿದಳು. "ಇಲ್ಲೋ. ಇದ್ದಲಿ ಒರಸಿದಂಗ ಕಾಣ್ತೈತಿ. ನನ್ನ ಕಣ್ಣು ಹೋಗ್ಯಾವು. ನೀ ಪಾಪ ಎಷ್ಟು ದಿನ ಅದರ ಮುಂದ ಕುಂತು ಜೋಡಿಸಿದಿ. ಕಾಣಂಗಿಲ್ಲ ಅಂದ್ರ ನಿನಗ ಕೆಟ್ಟನಿಸ್ತೈತಿ ಅಂತ..." ಎಂದು ನಿಲ್ಲಿಸಿ, "ಅದಕ್ಕ ಹುಬ್ಬಳ್ಳಿಗೆ ಹೋಗ್ತೇನಂದೆ. ದಿನಾ ಎಷ್ಟಂತ ಸುಳ್ಳ ಓದಲಿ?" ಅಂದಳು.

 ನಿರ್ಮಲಾ ಒಳಗೆ ಹೋಗಿ ಅವ್ವನ ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಹುಬ್ಬಳ್ಳಿಯ ಹಳೆ ಪೇಪರನ್ನು ಎತ್ತಿ ತಂದು, ಭೂತಗನ್ನಡಿಯ ಜೊತೆ ಅವಳ ಕೈಗಿಟ್ಟಳು. ಅವ್ವ ಅನುಮಾನಿಸುತ್ತ ಕನ್ನಡಿ ಹಿಡಿದಳು. ಹೆಸ್ಕಾಂ ಕಚೇರಿಯ ಮುಂದೆ ಯಾರೋ ಮಾಡಿದ ಧರಣಿಯ ಸುದ್ದಿಯನ್ನು ತಡವರಿಸದೆ ಓದಿ ಮುಗಿಸಿದಳು. ಅಚ್ಚಿನ ಅಕ್ಷರ ಕಾಣುವ ಕಣ್ಣಿಗೆ ನನ್ನ ಮಾನಿಟರಿನ ಅಕ್ಷರ ಕಾಣುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವ್ವನದು ಉಲ್ಟಾ. ನೆಲವೇ ಡೊಂಕಾಗಿತ್ತು, ಅವಳು ತನ್ನ ಕಾಲೇ ಹೋಯಿತು ಎಂದುಕೊಂಡಿದ್ದಳು.

"ಹೊಸಾದ ತಗೋರಿ, ಸಾಕು" ಎಂದಳು ನಿರ್ಮಲಾ. ಯಾರಾದರೂ ಬುದ್ಧಿವಂತರು ಅದನ್ನೇ ಮಾಡುತ್ತಿದ್ದರು. ನನಗೆ ಹಟ ಬಂತು. ರವಿವಾರದವರೆಗೆ ಅವಕಾಶ ಕೇಳಿದೆ.

ಚಪ್ಪಟೆ ಪರದೆಯಲ್ಲಿ ಚುಕ್ಕೆಗಳನ್ನು ಎಣಿಸಿ ಕೂರಿಸಿರುತ್ತಾರೆ. ಹಳೆಯ ಕೊಳವೆ ಟೀವಿಯ ಹಾಗೆ ಹಿಗ್ಗಿಸಿ ಕುಗ್ಗಿಸಲು ಬರುವುದಿಲ್ಲ. ನಾನು ಕಳಿಸುತ್ತಿದ್ದ ಚಿತ್ರದಲ್ಲಿ ಅದಕ್ಕೆ ಬೇಕಾದ ಚುಕ್ಕೆಗಳ ಅರ್ಧಕ್ಕಿಂತ ತುಸು ಹೆಚ್ಚು ಇದ್ದವು. ಹನ್ನೆರಡು ಎಲೆಗೆ ಏಳು ಹೋಳಿಗೆ ಹಂಚಿದಂತೆ, ಯಾವ ಎಲೆಯಲ್ಲೂ ಇಡೀ ಹೋಳಿಗೆ ಇಲ್ಲ. ಅದಕ್ಕೇ ಅಕ್ಷರ ಇದ್ದಲಿ ಒರೆಸಿದಂತೆ ಆಗಿದ್ದು. ಪರದೆಯ ಸ್ವಂತ ಅಳತೆಯನ್ನೇ ಕೊಡಬೇಕು. ಮತ್ತು ಅದು ಮೂಕವಾದ್ದರಿಂದ, ಎಷ್ಟು ಹೊತ್ತಿಗೆ ಎಷ್ಟು ಚುಕ್ಕೆ ಕಳಿಸಬೇಕೆಂಬ ಕಾಲದ ಲೆಕ್ಕವನ್ನು ನಾನೇ ಬರೆದುಕೊಡಬೇಕು. ಲಿನಕ್ಸಿನಲ್ಲಿ ಇದಕ್ಕೆಂದೇ 'ಸಿವಿಟಿ' ಎಂಬ ಆದೇಶವಿದೆ. ಅಗಲ, ಎತ್ತರ ಹೇಳಿದರೆ ಉದ್ದನೆಯ ಒಂದು ಸಾಲು ಅಂಕಿ ಬರೆದುಕೊಡುತ್ತದೆ. ಜಾತಕದ ಹಾಗೆ.

ಆ ಅಂಕಿಗಳ ಅರ್ಥ ಬಲು ಸೊಗಸಾದದ್ದು. ಅವ್ವ ನನಗೆ ಓದು ಕಲಿಸುವಾಗ ಸಾಲಿನ ಕೆಳಗೆ ಬೆರಳು ಸರಿಸುತ್ತಿದ್ದಳು. ಸಾಲಿನ ಕೊನೆ ಬಂತೆಂದರೆ ಬೆರಳು ಒಂದು ಕ್ಷಣ ನಿಂತು, ಮೇಲೆದ್ದು, ಹಿಂದಕ್ಕೆ ಬಂದು, ಕೆಳಗಿನ ಸಾಲಿನ ತಲೆಗೆ ಕೂರುತ್ತಿತ್ತು. ಅಷ್ಟು ಹೊತ್ತು ಓದು ಇಲ್ಲ, ಬರೀ ಬೆರಳಿನ ಓಡಾಟ. ಹಳೆಯ ಟೀವಿಯಲ್ಲಿ ಚಿತ್ರ ಬರೆಯುವ ಕಿರಣವೂ ಹಾಗೇ ಹೋಗಿ ಬರುತ್ತಿತ್ತು. ಅದಕ್ಕೆ ಸಾಲಿನ ಹಿಂದೆ ಮುಂದೆ ಒಂದಿಷ್ಟು ಖಾಲಿ ಹೊತ್ತು ಬಿಡಬೇಕಿತ್ತು. ಆ ಖಾಲಿ ಹೊತ್ತಿಗೆ ಎಂಜಿನಿಯರುಗಳು ಇಟ್ಟ ಹೆಸರು ಫ್ರಂಟ್ ಪೋರ್ಚ್, ಬ್ಯಾಕ್ ಪೋರ್ಚ್. ಮುಂದಿನ ಕಟ್ಟೆ, ಹಿಂದಿನ ಕಟ್ಟೆ ಅಂತಿಟ್ಟುಕೊಳ್ಳಿ. ಯಾವನೋ ಪುಣ್ಯಾತ್ಮ, ಕಟ್ಟೆಯಿದ್ದ ಮನೆಯಲ್ಲೇ ಬೆಳೆದಿರಬೇಕು.

ರವಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೂತೆ. ಅವ್ವ ಎದುರಿನ ಕುರ್ಚಿಯಲ್ಲಿ, ನಿರ್ಮಲಾ ಬೀನ್ಸ್ ಹೆಚ್ಚುತ್ತ ಬಾಗಿಲಲ್ಲಿ. ಸಿವಿಟಿ ಕೊಟ್ಟ ಸಾಲನ್ನು ಹಾಗೇ ಎತ್ತಿ ಕಂಪ್ಯೂಟರಿಗೆ ಉಣಿಸಿದೆ. ಪರದೆ ಕಪ್ಪಾಯಿತು. ಮೂಲೆಯಲ್ಲಿ "ಔಟ್ ಆಫ್ ರೇಂಜ್" ಎಂಬ ಸಣ್ಣ ಫಲಕ ತೇಲಿತು, ನಿನ್ನ ಈ ಓಟ ನನ್ನ ಕೈಲಾಗದು ಅಂತ. ಕಾಣದ ಪರದೆಯಲ್ಲಿ ಮುಂದಿನ ಆದೇಶ ಬರೆಯುವುದು ಹೇಗೆ? ಚಿತ್ರ ಬಾರದಿದ್ದರೆ ಕೆಲವು ಸೆಕೆಂಡಿನಲ್ಲಿ ಹಳೆಯದಕ್ಕೇ ಮರಳು ಎಂದು ಮೊದಲೇ ಕಂಪ್ಯೂಟರಿಗೆ ಹೇಳಿಟ್ಟಿದ್ದೆ. ಅಷ್ಟರ ಮಟ್ಟಿಗೆ ಬ್ಯಾಂಕಿನವನು. ಆ ಕಪ್ಪು ಪರದೆಯಲ್ಲಿ ತನ್ನ ಮುಖ ನೋಡಿಕೊಂಡು ಅವ್ವ, "ಈಗ ಸ್ವಚ್ಛ ಕಾಣಾಕತ್ತೈತಿ ನೋಡು" ಅಂದಳು. ನಿರ್ಮಲಾ ಬೀನ್ಸ್ ಚೆಲ್ಲಿ ನಕ್ಕಳು.

ಎರಡನೆಯ ಸಲವೂ ಕಪ್ಪು. ಆದೇಶದ ಕೈಪಿಡಿಯನ್ನು ಮೊದಲಿನಿಂದ ಓದುತ್ತ ಕೂತೆ. ನನ್ನ ಹಳೆಯ ಕೇಬಲ್ಲಿಗೆ ಇಷ್ಟು ವೇಗದಲ್ಲಿ ಚುಕ್ಕೆ ಸಾಗಿಸುವ ತಾಕತ್ತಿಲ್ಲ ಎಂದು ತಿಳಿಯಿತು. ಚುಕ್ಕೆ ಕಡಿಮೆ ಮಾಡಿದರೆ ಮತ್ತೆ ಅದೇ ಇದ್ದಲಿ. ದಾರಿ ಕಾಣದೆ ತಲೆ ಕೆರೆದುಕೊಂಡೆ.

ಆಗ ಯಾಕೋ ಗದಗಿನ ಕಟ್ಟೆ ನೆನಪಾಯಿತು. ರಸ್ತೆ ಅಗಲ ಮಾಡುವಾಗ ಮುನಿಸಿಪಾಲಿಟಿಯವರು ಓಣಿಯ ಕಟ್ಟೆಗಳನ್ನೆಲ್ಲ ಅರ್ಧಕ್ಕೆ ಕಡಿದಿದ್ದರು. ಅವ್ವ ಆ ದಿನ ಊಟ ಮಾಡಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಹೆಂಗಸರು ಎಂದಿನಂತೆ ಬಂದರು. ಕಾಲು ಚಾಚಿ ಕೂರುತ್ತಿದ್ದವರು ಮಡಚಿಕೊಂಡು ಕೂತರು. ಮಾತೇನೂ ಕಡಿಮೆಯಾಗಲಿಲ್ಲ, ಮನೆಯೊಳಗಿನ ಒಂದು ಗೇಣು ಜಾಗವೂ ಹೋಗಲಿಲ್ಲ. ಆ ಖಾಲಿ ಹೊತ್ತೂ ಕೇಬಲ್ಲಿನ ಮೇಲೆ ಹೊರೆಯೇ. ನನ್ನ ಪರದೆಯಲ್ಲಿ ಮನೆ ದೊಡ್ಡದಾಗಬೇಕಾದರೆ ಕಟ್ಟೆ ಕಡಿಯಬಹುದಲ್ಲ? ಹುಡುಕುತ್ತ ಕೈಪಿಡಿಯ ಕೆಳಗೆ ಹೋದರೆ ಅಲ್ಲಿ ಅದೇ ಬರೆದಿತ್ತು. ಚಪ್ಪಟೆ ಪರದೆಯಲ್ಲಿ ಹಿಂದೆ ಮುಂದೆ ಓಡಾಡುವ ಕಿರಣವೇ ಇಲ್ಲವಾದ್ದರಿಂದ ಅಷ್ಟು ಖಾಲಿ ಹೊತ್ತು ಬೇಕಿಲ್ಲ, ಆದೇಶಕ್ಕೆ 'ಆರ್' ಎಂಬ ಒಂದಕ್ಷರ ಸೇರಿಸಿದರೆ ಕಟ್ಟೆಗಳು ಕಿರಿದಾಗುತ್ತವೆ ಎಂದು. ಕೊಳವೆ ಹೋಗಿ ಎಷ್ಟೋ ಕಾಲವಾದರೂ ಯಾರೂ ಕೂರದ ಕಟ್ಟೆಗೆ ಜಾಗ ಬಿಡುತ್ತಲೇ ಇದ್ದಾರೆ. ಹಳೆಯ ರೂಢಿ. ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ.

ಒಂದಕ್ಷರ ಸೇರಿಸಿದೆ. ಹೊಸ ಸಾಲು ಬಂತು. ಉಣಿಸಿದೆ. ಪರದೆ ಕಪ್ಪಾಯಿತು, ಒಮ್ಮೆ ಮಿಟುಕಿತು, ಮತ್ತೆ ಕಪ್ಪಾಯಿತು. ಕೇಬಲ್ಲು ಸಡಿಲವಿರಬಹುದೆಂದು ಎದ್ದು ಮಾನಿಟರಿನ ಹಿಂದೆ ಹೋಗಿ, ಗೋಡೆಗೂ ಅದಕ್ಕೂ ನಡುವಿನ ಸಂದಿಯಲ್ಲಿ ಈಗಿನ ನನ್ನ ಹೊಟ್ಟೆಯನ್ನು ಹೇಗೋ ತೂರಿಸಿ, ಪ್ಲಗ್ಗನ್ನು ಒತ್ತಿ ಹಿಡಿದೆ. ಅಲ್ಲಿಂದ ನನಗೆ ಪರದೆ ಕಾಣುತ್ತಿರಲಿಲ್ಲ. ಅವ್ವನ ಮುಖ ಕಾಣುತ್ತಿತ್ತು.

ಮೊದಲು ಅವಳ ಮುಖದ ಮೇಲೆ ಬೆಳಕು ಬಿತ್ತು. ಹುಬ್ಬು ಗಂಟಿಕ್ಕಿತ್ತು.  ಗಂಟು ಮೆಲ್ಲಗೆ ಸಡಿಲವಾಯಿತು. ಭೂತಗನ್ನಡಿ ಮೇಲೆದ್ದಿತು. ಅದರ ಹಿಂದೆ ದೊಡ್ಡದಾಗಿ ಕಂಡ ಅವಳ ಕಣ್ಣು ಎಡದಿಂದ ಬಲಕ್ಕೆ ಹೋಯಿತು, ಒಂದು ಕ್ಷಣ ನಿಂತಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು. ತುಟಿ ಮಿಸುಕಲಿಲ್ಲ. ಮನೆಯಲ್ಲಿ ಬೀನ್ಸ್ ಹೆಚ್ಚುವ ಸಪ್ಪಳವೂ ನಿಂತಿತ್ತು.

ಅಷ್ಟರಲ್ಲಿ ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಒಂದು ಕೈಯಲ್ಲಿ ಪ್ಲಗ್ಗು ಹಿಡಿದು ಇನ್ನೊಂದರಲ್ಲಿ ಎತ್ತಿದೆ. ಹುಬ್ಬಳ್ಳಿಯಿಂದ ಶಿವಾನಂದ.

"ಅಣ್ಣಾ, ದೀಪಾವಳಿಗೆ ಟಿಕೀಟು ಈಗ ತಗೀಲಿಲ್ಲಂದ್ರ ಸಿಗಂಗಿಲ್ಲ. ಯಾವತ್ತಿಗೆ ತಗೀಲಿ, ಅವ್ವನ್ನ ಕೇಳು."

"ಅವ್ವಾ, ಶಿವೂ ಕೇಳಾಕತ್ತಾನ. ಟಿಕೀಟು ಯಾವತ್ತಿಗೆ ತಗೀಬೇಕಂತ."

ಅವ್ವ ಕಣ್ಣೆತ್ತಲಿಲ್ಲ. ಎಡಗೈಯನ್ನು ಮಾತ್ರ ಮೇಲೆತ್ತಿದಳು. ಅಂಗೈ ನನ್ನ ಕಡೆ, ಬೆರಳು ಮೇಲೆ.

"ಏನಂತಾಳ?" ಎಂದ ಶಿವಾನಂದ.

"ಅವ್ವ ಓದಾಕತ್ತಾಳ" ಎಂದೆ.

 ಅವನು ದನಿ ತಗ್ಗಿಸಿ, "ಹಂಗಾದ್ರ ಈಗ ಬ್ಯಾಡ ಬಿಡು" ಎಂದು ಮೆಲ್ಲಗೆ ಫೋನು ಇಟ್ಟ.